ಒಂಬತ್ತನೇ ವಯಸ್ಸಿಗೇ ಮುಖಪುಟಕ್ಕೆ ಬಂದ ಹುಡುಗ

 

ಈ ಸಲದ ನಮ್ಮ ಗೋಡೆ ಪತ್ರಿಕೆ ಕ್ರೀಡಾ ಸಂಚಿಕೆ. ಕ್ರಿಕೆಟ್ಟು, ಕಬಡ್ಡಿ, ಖೋ ಖೋ ಎಲ್ಲವನ್ನೂ ಬೇರೆಯವರು ಮೊದಲೇ ಹಂಚಿಕೊಂಡುಬಿಟ್ಟಿದ್ದರು. ನನಗೆ ಉಳಿದದ್ದು ಟೆನಿಸ್. ನಮ್ಮೂರಲ್ಲಿ ಟೆನಿಸ್ ಆಡಿದವರು ಯಾರೂ ಇಲ್ಲ. ಆದರೆ ಟೆನಿಸ್ ಬಾಲು ಗೊತ್ತಿಲ್ಲದವರೂ ಯಾರೂ ಇಲ್ಲ, ಯಾಕಂದ್ರೆ ನಾವು ಕ್ರಿಕೆಟ್ ಆಡೋದೇ ಅದರಲ್ಲಿ.

ನಾನು ಆರಿಸಿಕೊಂಡಿರುವ ಆಟಗಾರ ಫ್ರಾನ್ಸ್ ದೇಶದ ರಿಷಾರ್ ಗಾಸ್ಕೆ. ಪೇಪರಿನಲ್ಲಿ ಈ ಹೆಸರು ರಿಚರ್ಡ್ ಗ್ಯಾಸ್ಕೆಟ್ ಎಂದು ಬರುವುದುಂಟು. ಫ್ರೆಂಚರು ಹೆಸರಿನ ಕೊನೆಯ ಅಕ್ಷರವನ್ನು ಎಷ್ಟೋ ಸಲ ಬರೆಯುತ್ತಾರೆ, ಆದರೆ ಬಾಯಲ್ಲಿ ಹೇಳುವುದಿಲ್ಲ. ಡಿಕ್ಟೇಷನ್ ಕೊಟ್ಟರೆ ಅಲ್ಲಿನ ಮಕ್ಕಳ ಪಾಡು ಏನಾಗುತ್ತೋ!

ಇನ್ನೊಂದು ಮಾತು. ಈಗ ಅವರು ದೊಡ್ಡವರು. ಆದರೆ ನಾನು ಹೇಳುವುದು ಹೆಚ್ಚಾಗಿ ಅವರು ಹುಡುಗರಾಗಿದ್ದಾಗಿನ ಸಂಗತಿ. ಅದಕ್ಕೇ "ಅವನು" ಎಂದು ಬರೆಯುತ್ತೇನೆ. ಹಿರಿಯರು ತಪ್ಪು ತಿಳಿಯಬಾರದು.

ನಾನು ಈ ಹೆಸರು ಹೇಳಿದ ಕೂಡಲೇ ನನ್ನ ಪಕ್ಕದಲ್ಲಿ ಕೂರುವವನು, "ಅವನು ಒಂದೂ ದೊಡ್ಡ ಕಪ್ಪು ಗೆದ್ದಿಲ್ವಂತೆ, ಗೆದ್ದವರ ಬಗ್ಗೆ ಬರಿ" ಅಂದ. ಅವನಿಗೂ ಉತ್ತರ ಆಗಲಿ ಎಂದು ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ.

ಮೊದಲು ಆಟದ ವಿಷಯ. ಒಬ್ಬೊಬ್ಬರೇ ಆಡುವ ಟೆನಿಸ್ ಅಂಕಣ 78 ಅಡಿ ಉದ್ದ, 27 ಅಡಿ ಅಗಲ. ನಡುವೆ ಬಲೆ ಇರುತ್ತದೆ, ಅದರ ಮಧ್ಯದ ಎತ್ತರ 3 ಅಡಿ. ನಮ್ಮ ಮೈದಾನದಲ್ಲಿ ಹೆಜ್ಜೆ ಹಾಕಿ ಅಳೆದು ನೋಡಿದೆ. ಬಾವುಟದ ಕಟ್ಟೆಯಿಂದ ಹೊರಟರೆ ನಲ್ಲಿ ದಾಟಿ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗುತ್ತೆ. ಚೆಂಡು ನಮ್ಮ ಕಡೆ ಒಂದು ಪುಟ ಬೀಳುವಷ್ಟರಲ್ಲಿ ಅದನ್ನು ಆಚೆಗೆ ಕಳಿಸಬೇಕು. ಎರಡು ಪುಟ ಬಿದ್ದರೆ, ಬಲೆಗೆ ತಗುಲಿ ಈಚೆಗೇ ಬಿದ್ದರೆ, ಗೆರೆಯ ಹೊರಗೆ ಹೋದರೆ ಎದುರಿನವನಿಗೆ ಪಾಯಿಂಟು. ಎಣಿಕೆ ಮಾತ್ರ ವಿಚಿತ್ರ: ಒಂದು, ಎರಡು, ಮೂರು ಅನ್ನುವುದಿಲ್ಲ, 15, 30, 40 ಅನ್ನುತ್ತಾರೆ. 40 ಆದಮೇಲೆ ಇನ್ನೊಂದು ಪಾಯಿಂಟ್ ಗೆದ್ದರೆ ಒಂದು ಗೇಮ್. ಇಬ್ಬರೂ 40ರಲ್ಲಿದ್ದರೆ ಎರಡು ಪಾಯಿಂಟ್ ಮುಂದೆ ಹೋಗಬೇಕು. ಆರು ಗೇಮ್ ಗೆದ್ದರೆ ಒಂದು ಸೆಟ್, ಅದರಲ್ಲೂ ಎರಡು ಗೇಮಿನ ಅಂತರ ಬೇಕು. ಇಬ್ಬರೂ ಆರಾರು ಗೇಮ್ ಗೆದ್ದು ಸಮ ಆದರೆ ಟೈಬ್ರೇಕರ್ ಎಂದು ಮಾಡುತ್ತಾರೆ. ಅದರಲ್ಲಿ ನೆಟ್ಟಗೆ 1, 2, 3 ಎಂದೇ ಎಣಿಸುತ್ತಾರೆ. 7 ಮುಟ್ಟಬೇಕು, ಎರಡು ಪಾಯಿಂಟ್ ಮುಂದೆಯೂ ಇರಬೇಕು. ಈ ಟೈಬ್ರೇಕರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ರಿಷಾರ್ ಹುಟ್ಟಿದ್ದು 1986ರ ಜೂನ್ 18ರಂದು, ಫ್ರಾನ್ಸಿನ ದಕ್ಷಿಣಕ್ಕಿರುವ ಬೆಜಿಯೆ ಎಂಬ ಊರಿನಲ್ಲಿ. ಮೆಡಿಟರೇನಿಯನ್ ಸಮುದ್ರ ಅಲ್ಲಿಗೆ ಹತ್ತಿರ. ಸುತ್ತಮುತ್ತ ದ್ರಾಕ್ಷಿ ತೋಟಗಳು. ಅಪ್ಪ ಅಮ್ಮ ಇಬ್ಬರೂ ಟೆನಿಸ್ ಹೇಳಿಕೊಡುವವರು. ನಾಲ್ಕನೇ ವಯಸ್ಸಿಗೇ ಇವನ ಕೈಗೆ ರ‍್ಯಾಕೆಟ್ ಬಂತು. ಮಡಿಕೆ ಮಾಡುವವರ ಮನೆ ಮಗುವಿಗೆ ಮಣ್ಣು ಸಿಕ್ಕ ಹಾಗೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಶ್ಚರ್ಯ ಇರುವುದು 1996ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಫ್ರಾನ್ಸಿನ 'ಟೆನಿಸ್ ಮ್ಯಾಗಜೀನ್' ಎಂಬ ಪತ್ರಿಕೆಯ ಮುಖಪುಟದಲ್ಲಿ ಇವನ ಫೋಟೋ ಬಂತು. ಆಗ ಇವನಿಗೆ ಒಂಬತ್ತು ವರ್ಷ. ಅಂದರೆ ನಮ್ಮ ಶಾಲೆಯ ನಾಲ್ಕನೇ ತರಗತಿ ಹುಡುಗರಷ್ಟು! ಫೋಟೋದ ಜೊತೆಗೆ ಒಂದು ಪ್ರಶ್ನೆ ಅಚ್ಚಾಗಿತ್ತು: ಫ್ರಾನ್ಸ್ ಕಾಯುತ್ತಿರುವ ಚಾಂಪಿಯನ್ ಇವನೇ ಏನು ಅಂತ.

ಫ್ರಾನ್ಸ್ ಯಾಕೆ ಕಾಯುತ್ತಿತ್ತು? ಅದಕ್ಕೆ ಹಿಂದಕ್ಕೆ ಹೋಗಬೇಕು. ಟೆನಿಸಿನಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಪಂದ್ಯಾವಳಿಗಳಿವೆ. ಅವನ್ನು ಗ್ರ್ಯಾಂಡ್ ಸ್ಲಾಂ ಎನ್ನುತ್ತಾರೆ: ಆಸ್ಟ್ರೇಲಿಯಾದ್ದು, ಫ್ರಾನ್ಸಿನದು, ಇಂಗ್ಲೆಂಡಿನ ವಿಂಬಲ್ಡನ್, ಅಮೆರಿಕದ್ದು. ಫ್ರಾನ್ಸಿನದು ಪ್ಯಾರಿಸ್ಸಿನ ರೋಲಾಂ ಗ್ಯಾರೋಸ್ ಕ್ರೀಡಾಂಗಣದಲ್ಲಿ ನಡೆಯುತ್ತೆ. ರೋಲಾಂ ಗ್ಯಾರೋಸ್ ಅಂದ್ರೆ ಯಾರೋ ದೊಡ್ಡ ಟೆನಿಸ್ ಆಟಗಾರ ಅಂದುಕೊಂಡಿದ್ದೆ. ಅಲ್ಲ, ಆತ ವಿಮಾನ ಹಾರಿಸುವವನು. 1913ರಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ಎಲ್ಲೂ ಇಳಿಯದೆ ದಾಟಿದ ಮೊದಲನೆಯವನು. 1918ರಲ್ಲಿ ಮೊದಲನೇ ಮಹಾಯುದ್ಧದಲ್ಲಿ ಸತ್ತ. 1928ರಲ್ಲಿ ಕಟ್ಟಿದ ಕ್ರೀಡಾಂಗಣಕ್ಕೆ ಅವನ ಹೆಸರಿಟ್ಟರು.

ಅಲ್ಲಿನ ಅಂಕಣ ಕೆಂಪು. ಮೇಲೆ ಹರಡಿರುವುದು ಇಟ್ಟಿಗೆ ಪುಡಿ. ಇಟ್ಟಿಗೆ ಗೂಡಿನ ಹತ್ತಿರ ಆಡಿ ಬಂದರೆ ನಮ್ಮ ಕಾಲು, ಚಡ್ಡಿ ಹೇಗೆ ಕೆಂಪಾಗುತ್ತೋ ಅಲ್ಲಿ ಆಡುವವರಿಗೂ ಹಾಗೇ ಆಗುತ್ತೆ. ಈ ಅಂಕಣದಲ್ಲಿ ಚೆಂಡು ಪುಟ ಬಿದ್ದಮೇಲೆ ನಿಧಾನ ಆಗಿ, ಎತ್ತರಕ್ಕೆ ಏಳುತ್ತದೆ. ಅದಕ್ಕೇ ಒಂದೊಂದು ಪಾಯಿಂಟೂ ಉದ್ದ ಎಳೆಯುತ್ತದೆ, ದಮ್ಮು ಇದ್ದವರೇ ಗೆಲ್ಲುವುದು.

ಅಲ್ಲಿ 1983ರಲ್ಲಿ ಯಾನಿಕ್ ನೋವಾ ಎಂಬ ಫ್ರೆಂಚ್ ಆಟಗಾರ ಸ್ವೀಡನ್ನಿನ ಮ್ಯಾಟ್ಸ್ ವಿಲಾಂಡರನನ್ನು ಸೋಲಿಸಿ ಕಪ್ ಗೆದ್ದ. ಆಮೇಲೆ ಪುರುಷರ ಸಿಂಗಲ್ಸ್‌ನಲ್ಲಿ ಯಾವ ಫ್ರೆಂಚನೂ ಅಲ್ಲಿ ಗೆಲ್ಲಲಿಲ್ಲ. ರಿಷಾರ್ ಮುಖಪುಟಕ್ಕೆ ಬಂದಾಗ ಜನ ಕಾಯಲು ಶುರುಮಾಡಿ 13 ವರ್ಷ ಆಗಿತ್ತು. ನನಗೀಗ ವಯಸ್ಸು ಎಷ್ಟೋ ಅಷ್ಟು. ತಮ್ಮ ದೇಶದಲ್ಲೇ ಆಟ, ಕಪ್ ಮಾತ್ರ ಪ್ರತಿ ವರ್ಷ ಬೇರೆ ದೇಶದವರ ಪಾಲು. ನಮ್ಮೂರ ಜಾತ್ರೆ ಕುಸ್ತಿಯಲ್ಲಿ ಪ್ರತಿ ವರ್ಷ ಪರಊರಿನವರೇ ಬಂದು ಬಹುಮಾನ ಹೊತ್ತುಕೊಂಡು ಹೋದರೆ ನಮಗೆ ಹೇಗಾಗುತ್ತೆ? ಆ ಹೊಟ್ಟೆಯುರಿಯನ್ನೆಲ್ಲ ಒಂಬತ್ತು ವರ್ಷದ ಒಬ್ಬ ಹುಡುಗನ ತಲೆ ಮೇಲೆ ಇಟ್ಟರು.

ಹುಡುಗ ಏನೂ ಕಡಿಮೆ ಇರಲಿಲ್ಲ. ತಾರ್ಬ್ ಎಂಬ ಊರಿನಲ್ಲಿ 12ರಿಂದ 14 ವರ್ಷದವರಿಗಾಗಿ ಒಂದು ಪಂದ್ಯಾವಳಿ ನಡೆಯುತ್ತದೆ, ಹೆಸರು 'ಲೆ ಪೆಟಿ ಆಸ್'. ಅಂದರೆ ಪುಟ್ಟ ಎಕ್ಕಗಳು, ಇಸ್ಪೀಟಿನಲ್ಲಿ ಬರುತ್ತಲ್ಲ, ಆ ಎಕ್ಕ. 1999ರಲ್ಲಿ ಅದನ್ನು ರಿಷಾರ್ ಗೆದ್ದ. ಅಲ್ಲಿ ಅವನ ಕೈಯಲ್ಲಿ ಸೋತವರಲ್ಲಿ ಸ್ಪೇನ್ ದೇಶದ ಒಬ್ಬ ಎಡಗೈ ಹುಡುಗ ಇದ್ದ. ಇವನಿಗಿಂತ ಬರೀ 15 ದಿನ ದೊಡ್ಡವನು. ಹೆಸರು ರಾಫೆಲ್ ನಡಾಲ್. ಟಿ.ವಿ. ನೋಡುವವರಿಗೆ ಈ ಹೆಸರು ಗೊತ್ತಿರುತ್ತೆ. ಇದೇ ನಡಾಲ್ ಮುಂದೆ ರೋಲಾಂ ಗ್ಯಾರೋಸ್‌ನಲ್ಲಿ 14 ಸಲ ಗೆದ್ದ. ಹದಿನಾಲ್ಕು! ಮೊದಲು ಬರೆಯುವಾಗ ನಾನೇ ತಪ್ಪಿರಬೇಕು ಎಂದು ಮತ್ತೆ ನೋಡಿಕೊಂಡೆ.

2002ರ ಏಪ್ರಿಲ್‌ನಲ್ಲಿ ರಿಷಾರ್‌ಗೆ ಇನ್ನೂ 16 ತುಂಬಿರಲಿಲ್ಲ. ಗ್ರ್ಯಾಂಡ್ ಸ್ಲಾಂಗಳ ಕೆಳಗೆ ಮಾಸ್ಟರ್ಸ್ ಎಂಬ ದೊಡ್ಡ ಪಂದ್ಯಾವಳಿಗಳು ಇರುತ್ತವೆ. ಅದರಲ್ಲೊಂದು ಮಾಂಟೆ ಕಾರ್ಲೋದ್ದು. ನೇರ ಪ್ರವೇಶ ಸಿಗದವರು ಮೊದಲು ಅರ್ಹತಾ ಸುತ್ತು ಆಡಿ ಗೆದ್ದು ಒಳಗೆ ಬರಬೇಕು. ಇವನು ಹಾಗೆ ಬಂದ. ಬಂದವನು ಮೊದಲ ಸುತ್ತಿನಲ್ಲಿ ಅರ್ಜೆಂಟೀನಾದ ಫ್ರಾಂಕೋ ಸ್ಕ್ವಿಲ್ಲಾರಿಯನ್ನು ಸೋಲಿಸಿಯೇಬಿಟ್ಟ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಮಾಸ್ಟರ್ಸ್‌ನಲ್ಲಿ ಪಂದ್ಯ ಗೆದ್ದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಮುಂದಿನ ಸುತ್ತಿನಲ್ಲಿ ರಷ್ಯಾದ ಮರಾಟ್ ಸಫಿನ್ ಇವನನ್ನು ಮನೆಗೆ ಕಳಿಸಿದ.

ಮುಂದಿನ ತಿಂಗಳೇ ರೋಲಾಂ ಗ್ಯಾರೋಸ್. ತಮ್ಮ ದೇಶದ ಹುಡುಗ ಎಂದು ಅವನಿಗೆ ವೈಲ್ಡ್ ಕಾರ್ಡ್ ಕೊಟ್ಟರು, ಅಂದರೆ ಅರ್ಹತಾ ಸುತ್ತು ಇಲ್ಲದೆ ನೇರ ಪ್ರವೇಶ. ಮೊದಲ ಪಂದ್ಯ ಸ್ಪೇನಿನ ಆಲ್ಬರ್ಟ್ ಕೋಸ್ಟಾನ ಮೇಲೆ. ಮೊದಲ ಸೆಟ್ 6-3ರಿಂದ ರಿಷಾರ್ ಗೆದ್ದ. ಎರಡನೇ ಸೆಟ್ಟಿನಲ್ಲಿ ಒಂದೂ ಗೇಮ್ ಸಿಗಲಿಲ್ಲ, 6-0. ಆಮೇಲೆ 6-4, 6-3. ಸೋತ. ಆದರೆ ಇದು ಕೇಳಿ, ಆ ವರ್ಷ ಕಪ್ ಗೆದ್ದದ್ದು ಅದೇ ಕೋಸ್ಟಾ. 15 ವರ್ಷದ ಹುಡುಗ ಆ ವರ್ಷದ ಚಾಂಪಿಯನ್ ಹತ್ತಿರ ಒಂದು ಸೆಟ್ ಕಿತ್ತುಕೊಂಡಿದ್ದ. ಅದೇ ವರ್ಷ ಕಿರಿಯರ ವಿಭಾಗದಲ್ಲಿ ರೋಲಾಂ ಗ್ಯಾರೋಸನ್ನೂ ಗೆದ್ದ, ಅಮೆರಿಕದ್ದನ್ನೂ ಗೆದ್ದ.

ಇಲ್ಲಿಯವರೆಗೆ ಓದಿದವರು, ಇನ್ನೇನು ಮುಂದಿನ ವರ್ಷ ದೊಡ್ಡ ಕಪ್ ಬಂತು ಅಂದುಕೊಳ್ಳುತ್ತೀರಿ. ಫ್ರಾನ್ಸಿನವರೂ ಹಾಗೇ ಅಂದುಕೊಂಡರು.

ಬರಲಿಲ್ಲ. 2003 ಹೋಯಿತು. 2004ರಲ್ಲಿ ರಷ್ಯಾದಲ್ಲಿ ಹುಟ್ಟಿದ ಫ್ರೆಂಚ್ ಹುಡುಗಿ ತಾತಿಯಾನಾ ಗೊಲೊವಿನ್ ಜೊತೆ ಸೇರಿ ರೋಲಾಂ ಗ್ಯಾರೋಸ್‌ನಲ್ಲಿ ಮಿಶ್ರ ಡಬಲ್ಸ್ ಗೆದ್ದ. ಇವನಿಗೆ 17, ಅವಳಿಗೆ 16. (ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರು 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಾಬ್ರೋವ್ಸ್ಕಿ ಜೊತೆ ಗೆದ್ದದ್ದು ಇದೇ ಬಹುಮಾನವನ್ನು. ಇದನ್ನು ಬರೆಯದೆ ಬಿಡಲು ಮನಸ್ಸಾಗಲಿಲ್ಲ.) ಆದರೆ ಜನ ಕೇಳುತ್ತಿದ್ದದ್ದು ಸಿಂಗಲ್ಸ್. ಆ ವರ್ಷವೇ ಮೆಟ್ಸ್ ಎಂಬ ಊರಿನ ಪಂದ್ಯಾವಳಿಯಲ್ಲಿ ಫೈನಲ್ ತನಕ ಹೋಗಿ, ತನ್ನ ದೇಶದವನೇ ಆದ ಜೆರೋಮ್ ಹೆನೆಲ್ ಎಂಬುವನಿಗೆ ಸೋತ. ಸ್ಕ್ವಿಲ್ಲಾರಿಯನ್ನು ಸೋಲಿಸಿ ಮೂರು ವರ್ಷ ಕಳೆದ ಮೇಲೂ, 2005ರ ಏಪ್ರಿಲ್‌ನಲ್ಲಿ ಅವನ ರ‍್ಯಾಂಕು 101. ಅಷ್ಟರಲ್ಲಿ ತಾರ್ಬ್‌ನಲ್ಲಿ ಸೋತಿದ್ದ ಆ ನಡಾಲ್ ಇವನನ್ನು ದಾಟಿ ಎಲ್ಲೋ ಮೇಲೆ ಹೋಗಿದ್ದ.

ಈ ಮೂರು ವರ್ಷಗಳ ಬಗ್ಗೆ ನನಗೆ ಸ್ವಲ್ಪ ಹೇಳುವುದಿದೆ. ನಾನು ಐದನೇ ತರಗತಿಯಲ್ಲಿದ್ದಾಗ ಹೋಬಳಿ ಮಟ್ಟದ 200 ಮೀಟರ್ ಓಟದಲ್ಲಿ ಮೊದಲನೇ ಸ್ಥಾನ ಬಂದದ್ದು ನಿಮಗೆ ನೆನಪಿರಬಹುದು. ಸಂಜೆ ಬಸ್ ಸ್ಟ್ಯಾಂಡಿನ ಅರಳಿಕಟ್ಟೆ ಮೇಲೆ ಕೂತಿದ್ದವರೆಲ್ಲ ಕರೆದು ಕರೆದು ಮಾತಾಡಿಸಿದರು. ಒಬ್ಬರು ಟೀ ಅಂಗಡಿಯಲ್ಲಿ ಬನ್ನು ಕೊಡಿಸಿ, "ಇವನು ಒಲಿಂಪಿಕ್ಸ್‌ಗೆ ಹೋಗೋನು ಕಣ್ರೀ" ಅಂದರು. ಬನ್ನು ಚೆನ್ನಾಗಿತ್ತು. ಆದರೆ ಮಾರನೇ ವರ್ಷ ಓಡಲು ನಿಂತಾಗ ನನಗೆ ಗೆರೆ ಕಾಣಲಿಲ್ಲ, ಆ ಅರಳಿಕಟ್ಟೆಯೇ ಕಾಣುತ್ತಿತ್ತು. ನಾಲ್ಕನೆಯವನಾಗಿ ಬಂದೆ. ಆ ಸಂಜೆ ಅದೇ ಕಟ್ಟೆಯ ಮುಂದೆ ನಡೆದು ಬಂದೆ, ಯಾರೂ ಕರೆಯಲಿಲ್ಲ. ಒಲಿಂಪಿಕ್ಸ್‌ಗೆ ಹೋಗುತ್ತೇನೆ ಅಂತ ನಾನು ಯಾವತ್ತೂ ಹೇಳಿರಲಿಲ್ಲ. ರಿಷಾರ್ ಕೂಡ ಆ ಮುಖಪುಟದ ಪ್ರಶ್ನೆಯನ್ನು ತಾನೇ ಬರೆದಿರಲಿಲ್ಲ. ಒಂದು ಹೋಬಳಿಯೇ ಇಷ್ಟು ಭಾರ ಅಂದ್ರೆ ಒಂದು ದೇಶ ಎಷ್ಟು ಭಾರ ಇರಬಹುದು? ಇದು ನನ್ನ ಲೆಕ್ಕ, ಪುಸ್ತಕದ್ದಲ್ಲ.

ಈಗ ಆ ದಿನದ ಸಂಗತಿಗೆ ಬರುತ್ತೇನೆ. 2005ರ ಏಪ್ರಿಲ್ 15, ಮತ್ತೆ ಅದೇ ಮಾಂಟೆ ಕಾರ್ಲೋ ಪಂದ್ಯಾವಳಿ. ಹೆಸರು ಮಾಂಟೆ ಕಾರ್ಲೋ ಆದರೂ, ಆ ಅಂಕಣಗಳು ಇರುವುದು ಮೊನಾಕೊ ದೇಶದ ಗಡಿ ದಾಟಿ ಫ್ರಾನ್ಸಿನ ನೆಲದಲ್ಲಿ. ರಿಷಾರ್ ಈ ಸಲವೂ ಅರ್ಹತಾ ಸುತ್ತಿನಿಂದಲೇ ಮೇಲೆ ಬಂದಿದ್ದ. ಗೆಲ್ಲುತ್ತಾ ಗೆಲ್ಲುತ್ತಾ ಕ್ವಾರ್ಟರ್ ಫೈನಲ್ ಮುಟ್ಟಿದ. ಎದುರಿಗೆ ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್, ಜಗತ್ತಿನ ನಂಬರ್ 1. ಅದಕ್ಕೆ ಮುಂಚೆ ಫೆಡರರ್ ಸತತವಾಗಿ 25 ಪಂದ್ಯ ಗೆದ್ದಿದ್ದ. ಆ ಇಡೀ ವರ್ಷದಲ್ಲಿ ಅವನು ಆಡಿದ್ದು 85 ಪಂದ್ಯ, ಸೋತದ್ದು 4 ಮಾತ್ರ. ಆ ನಾಲ್ಕರಲ್ಲಿ ಒಂದು ಇದು.

ಮೊದಲ ಸೆಟ್ ಟೈಬ್ರೇಕರ್‌ನಲ್ಲಿ ಫೆಡರರ್ ಗೆದ್ದ. ಎರಡನೆಯದು 6-2ರಿಂದ ರಿಷಾರ್‌ದು. ಮೂರನೆಯದು ಆರಾರು ಸಮವಾಗಿ ಮತ್ತೆ ಟೈಬ್ರೇಕರ್. ಮ್ಯಾಚ್ ಪಾಯಿಂಟ್ ಅಂದ್ರೆ ಇನ್ನೊಂದೇ ಒಂದು ಪಾಯಿಂಟ್ ಸಿಕ್ಕರೆ ಪಂದ್ಯವೇ ಮುಗಿಯಿತು ಎನ್ನುವ ಸ್ಥಿತಿ. ಫೆಡರರ್‌ಗೆ ಅಂಥದ್ದು ಮೂರು ಸಲ ಸಿಕ್ಕಿತು. ಮೂರು ಸಲವೂ ರಿಷಾರ್ ತಪ್ಪಿಸಿಕೊಂಡ. ಕೊನೆಗೆ 10-8. ಕೊನೆಯ ಹೊಡೆತ ಅವನ ಬ್ಯಾಕ್‌ಹ್ಯಾಂಡು. ಅಂಚಿಗೆ ಓಡಿಹೋಗುತ್ತಾ ಬೀಸಿದ. ಬಲೆಯ ಹತ್ತಿರ ನಿಂತಿದ್ದ ಫೆಡರರ್‌ನ ಪಕ್ಕದಲ್ಲೇ ಚೆಂಡು ಗೆರೆಗುಂಟ ಹಾದುಹೋಯಿತು. ರ‍್ಯಾಂಕು 101, ವಯಸ್ಸು 18.

ಆ ಬ್ಯಾಕ್‌ಹ್ಯಾಂಡ್ ಬಗ್ಗೆ ಹೇಳಲೇಬೇಕು, ಯಾಕಂದ್ರೆ ರಿಷಾರ್ ಅಂದರೆ ಜನಕ್ಕೆ ಮೊದಲು ನೆನಪಾಗುವುದೇ ಅದು. ಬಲಗೈಯವನಿಗೆ ಚೆಂಡು ಎಡಗಡೆ ಬಂದರೆ ಅಂಗೈ ಮುಂದೆ ಮಾಡಿ ಹೊಡೆಯಲು ಆಗುವುದಿಲ್ಲ. ಕೈಯ ಹಿಂಭಾಗ ಮುಂದೆ ಮಾಡಿ ಬೀಸಬೇಕು. ಅದೇ ಬ್ಯಾಕ್‌ಹ್ಯಾಂಡ್. ಈಗ ಹೆಚ್ಚಿನವರು ಅದನ್ನು ಎರಡು ಕೈಯಲ್ಲಿ ಹಿಡಿದು ಹೊಡೆಯುತ್ತಾರೆ, ಬಲ ಜಾಸ್ತಿ, ತಪ್ಪೂ ಕಡಿಮೆ. ರಿಷಾರ್ ಹೊಡೆಯುತ್ತಿದ್ದದ್ದು ಒಂದೇ ಕೈಯಲ್ಲಿ. ರ‍್ಯಾಕೆಟನ್ನು ಹಿಂದಕ್ಕೆ ತಲೆಗಿಂತ ಮೇಲೆ ಎತ್ತಿ, ಅಲ್ಲಿಂದ ದೊಡ್ಡ ಸುತ್ತಿನಲ್ಲಿ ಕೆಳಗೆ ತಂದು, ಮತ್ತೆ ಮೇಲಕ್ಕೆ ಬೀಸುತ್ತಿದ್ದ. ರಾಗಿ ಹುಲ್ಲಿನ ಮೆದೆಗೆ ಕಟ್ಟು ಎಸೆಯುವವರು ಮೈಯೆಲ್ಲ ತಿರುಗಿಸಿ ಬೀಸುತ್ತಾರಲ್ಲ, ಸ್ವಲ್ಪ ಹಾಗೆ. ಇಷ್ಟು ದೊಡ್ಡ ಬೀಸಿಗೆ ಸಮಯ ಬೇಕು. ಅದಕ್ಕೇ ಗೆರೆಯಿಂದ ತುಂಬಾ ಹಿಂದೆ ನಿಲ್ಲುತ್ತಿದ್ದ. ಹಿಂದೆ ನಿಂತರೆ ಓಟ ಜಾಸ್ತಿ. ಎದುರಿನವನು ಚೆಂಡನ್ನು ಹೆಗಲಿಗಿಂತ ಎತ್ತರಕ್ಕೆ ಪುಟಿಯುವ ಹಾಗೆ ಕಳಿಸಿದರೆ ಒಂದೇ ಕೈಗೆ ಅದನ್ನು ತಡೆಯುವುದು ಕಷ್ಟ. ನಡಾಲ್‌ನ ಎಡಗೈ ಮಾಡುತ್ತಿದ್ದದ್ದು ಅದನ್ನೇ.

ಮಾಂಟೆ ಕಾರ್ಲೋದಲ್ಲೂ ಮಾರನೇ ದಿನ ಸೆಮಿಫೈನಲ್‌ನಲ್ಲಿ ಎದುರಾದವನು ನಡಾಲ್. ರಿಷಾರ್ ಮೊದಲ ಸೆಟ್ ಗೆದ್ದು, ಮಿಕ್ಕ ಎರಡು ಸೋತ. ಮುಂದಿನ ತಿಂಗಳು ರೋಲಾಂ ಗ್ಯಾರೋಸ್‌ನ ಮೂರನೇ ಸುತ್ತಿನಲ್ಲಿ ಮತ್ತೆ ಅದೇ ಇಬ್ಬರು. ಒಂದು ಸೆಟ್ಟೂ ಸಿಗಲಿಲ್ಲ. ಆ ಸಲ ಕಪ್ ಎತ್ತಿದ್ದು ನಡಾಲ್. ದೊಡ್ಡವರ ಟೂರ್‌ನಲ್ಲಿ ಅವರಿಬ್ಬರೂ ಒಟ್ಟು 18 ಪಂದ್ಯ ಆಡಿದರು. ಹದಿನೆಂಟನ್ನೂ ನಡಾಲನೇ ಗೆದ್ದ. ತಾರ್ಬ್‌ನಲ್ಲಿ 12ನೇ ವಯಸ್ಸಿನಲ್ಲಿ ಗೆದ್ದದ್ದನ್ನು ರಿಷಾರ್ ಎಷ್ಟು ಸಲ ನೆನೆಸಿಕೊಂಡಿರಬಹುದು ಎಂದು ನಾನು ಯೋಚಿಸಿದ್ದೇನೆ.

ಆದರೆ 2005 ಕೆಟ್ಟ ವರ್ಷ ಅಲ್ಲ. ಹ್ಯಾಂಬರ್ಗ್‌ನ ಮಾಸ್ಟರ್ಸ್‌ನಲ್ಲಿ ಫೈನಲ್ ತನಕ ಹೋದ (ಅಲ್ಲಿ ಫೆಡರರ್ ಸೇಡು ತೀರಿಸಿಕೊಂಡ). 19 ತುಂಬುವ ಹೊತ್ತಿಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ, ಹುಲ್ಲಿನ ಅಂಕಣದಲ್ಲಿ, ಬೆಲಾರಸ್‌ನ ಮ್ಯಾಕ್ಸ್ ಮಿರ್ನಿಯನ್ನು ಸೋಲಿಸಿ ತನ್ನ ಮೊದಲ ಪ್ರಶಸ್ತಿ ಗೆದ್ದ. 101ನೆಯವನಾಗಿದ್ದವನು ವರ್ಷದ ಕೊನೆಗೆ 16ನೆಯವನಾದ.

2007ರಲ್ಲಿ ವಿಂಬಲ್ಡನ್ ಕ್ವಾರ್ಟರ್ ಫೈನಲ್. ಎದುರಿಗೆ ಅಮೆರಿಕದ ಆಂಡಿ ರಾಡಿಕ್, ಅವನ ಸರ್ವ್ ಅಂದರೆ ಗುಂಡು. ಮೊದಲ ಎರಡು ಸೆಟ್ ರಿಷಾರ್ ಸೋತ, 6-4, 6-4. ಇನ್ನೊಂದು ಸೆಟ್ ಹೋದರೆ ಮನೆಗೆ. ಮೂರನೆಯದು ಟೈಬ್ರೇಕರ್‌ನಲ್ಲಿ ಗೆದ್ದ. ನಾಲ್ಕನೆಯದೂ ಟೈಬ್ರೇಕರ್, ಅದನ್ನೂ ಗೆದ್ದ. ಐದನೆಯದಕ್ಕೆ ಆಗ ಅಲ್ಲಿ ಟೈಬ್ರೇಕರ್ ಇರಲಿಲ್ಲ, ಎರಡು ಗೇಮ್ ಮುಂದೆ ಹೋಗುವ ತನಕ ಆಡಬೇಕು. 8-6. ಗೆದ್ದ! ಸೆಮಿಫೈನಲ್‌ನಲ್ಲಿ ಫೆಡರರ್‌ಗೆ ಸೋತ, ಅದು ಬೇರೆ. ಅದೇ ಜುಲೈನಲ್ಲಿ ಅವನ ರ‍್ಯಾಂಕು 7ಕ್ಕೆ ಬಂತು. ಅದಕ್ಕಿಂತ ಮೇಲೆ ಯಾವತ್ತೂ ಹೋಗಲಿಲ್ಲ. ಅದೇ ವರ್ಷ ನಮ್ಮ ದೇಶಕ್ಕೂ ಬಂದು ಮುಂಬಯಿಯಲ್ಲಿ ಒಂದು ಪ್ರಶಸ್ತಿ ಗೆದ್ದುಕೊಂಡು ಹೋದ.

ಇಲ್ಲಿಂದ ಮುಂದೆ ಅವರು ಎಂದೇ ಬರೆಯುತ್ತೇನೆ. ರಿಷಾರ್ ಗಾಸ್ಕೆ ಅವರು ಒಟ್ಟು 16 ಪ್ರಶಸ್ತಿ ಗೆದ್ದರು. 600ಕ್ಕೂ ಹೆಚ್ಚು ಪಂದ್ಯ ಗೆದ್ದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೂಲಿಯೆನ್ ಬೆನೆಟೋ ಜೊತೆ ಡಬಲ್ಸ್‌ನಲ್ಲಿ ಕಂಚಿನ ಪದಕ ಪಡೆದರು. ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್‌ನಲ್ಲಿ ಮೂರು ಸಲ ಸೆಮಿಫೈನಲ್ ಮುಟ್ಟಿದರು. ಫೈನಲ್ ಒಂದೂ ಇಲ್ಲ. ನನ್ನ ಪಕ್ಕದವನು ಹೇಳಿದ್ದು ಸುಳ್ಳಲ್ಲ. ಆದರೆ ಒಂಬತ್ತು ವರ್ಷದ ಹುಡುಗನಿಗೆ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದು 600 ಗೆಲುವನ್ನು ಸೊನ್ನೆ ಅನ್ನೋಕಾಗುತ್ತಾ? ಗಣಿತದ ಪೇಪರಿನಲ್ಲಿ ಕೊನೆಯ ಲೆಕ್ಕ ತಪ್ಪಾದರೆ ಸರ್ ಇಡೀ ಪೇಪರಿಗೆ ಸೊನ್ನೆ ಹಾಕುತ್ತಾರಾ? ಇದಕ್ಕೆ ಅವನು, "ಆ ಕೊನೇ ಲೆಕ್ಕಕ್ಕೇ ತಾನೆ ಜಾಸ್ತಿ ಮಾರ್ಕ್ಸು" ಅಂದ. ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ. ನಿಮ್ಮ ಅಭಿಪ್ರಾಯವನ್ನು ಈ ಹಾಳೆಯ ಕೆಳಗೆ ಪೆನ್ಸಿಲ್‌ನಲ್ಲಿ ಬರೆಯಬಹುದು, ಗೋಡೆ ಮೇಲೆ ಮಾತ್ರ ಬರೆಯಬೇಡಿ.

2025ರ ಮೇ ತಿಂಗಳಲ್ಲಿ, 38ನೇ ವಯಸ್ಸಿನಲ್ಲಿ, ಅವರು ತಮ್ಮ ಕೊನೆಯ ಪಂದ್ಯಾವಳಿ ಆಡಿದ್ದು ರೋಲಾಂ ಗ್ಯಾರೋಸ್‌ನಲ್ಲೇ. ಮೊದಲ ಸುತ್ತಿನಲ್ಲಿ ತಮ್ಮ ದೇಶದ ಟೆರೆನ್ಸ್ ಆಟ್ಮಾನ್ ಅವರನ್ನು ಸೋಲಿಸಿದರು. ಎರಡನೇ ಸುತ್ತಿನಲ್ಲಿ ಆಗಿನ ನಂಬರ್ 1, ಇಟಲಿಯ ಯಾನಿಕ್ ಸಿನ್ನರ್ ಎದುರು ಸೋತರು. 15ನೇ ವಯಸ್ಸಿನಲ್ಲಿ ಅಲ್ಲಿ ಆಡಿದ ಮೊದಲ ಪಂದ್ಯ ಕಪ್ ಗೆಲ್ಲಲಿದ್ದವನ ಎದುರು, ಕೊನೆಯ ಪಂದ್ಯ ನಂಬರ್ 1 ಎದುರು. ನೋವಾ ಗೆದ್ದು ಆಗ 42 ವರ್ಷ. ಆ ವರ್ಷವೂ ಕಪ್ ಫ್ರೆಂಚರಿಗೆ ಸಿಗಲಿಲ್ಲ.

ಒಂದು ಬಿಟ್ಟೆ. ಅವರಿಗೆ ಒಂದು ಅಭ್ಯಾಸ ಇತ್ತು. ಯಾವ ಚೆಂಡಿನಲ್ಲಿ ಪಾಯಿಂಟ್ ಗೆದ್ದರೋ ಮುಂದಿನ ಸರ್ವ್‌ಗೂ ಅದೇ ಚೆಂಡನ್ನು ಕೇಳಿ ತರಿಸಿಕೊಳ್ಳುತ್ತಿದ್ದರು. ಕ್ರಿಕೆಟ್ ಆಡುವಾಗ ಸಿಕ್ಸರ್ ಹೊಡೆದ ಬಾಲೇ ಬೇಕು ಎಂದು ನಮ್ಮಲ್ಲೂ ಒಬ್ಬ ಹಟ ಮಾಡುತ್ತಾನೆ, ಅವನ ಹೆಸರು ಬರೆಯುವುದಿಲ್ಲ.

ಬ್ಯಾಕ್‌ಹ್ಯಾಂಡ್ ಹೇಗಿರುತ್ತೆ ಎಂದು ನೋಡಬೇಕು ಅನ್ನಿಸಿದವರು ಶನಿವಾರ ಶಾಲೆ ಬಿಟ್ಟಮೇಲೆ ಸ್ಟೋರ್ ರೂಮಿನ ಹಿಂದಿನ ಗೋಡೆಯ ಹತ್ತಿರ ಬನ್ನಿ. ರ‍್ಯಾಕೆಟ್ ಇಲ್ಲ, ಹಲಗೆಯಲ್ಲೇ ಹೊಡೆಯೋಣ. ಹಲಗೆ ನಾನು ತರುತ್ತೇನೆ. ನನ್ನ ಚೆಂಡು ಹೋದ ವಾರ ಬಾವಿಗೆ ಬಿತ್ತು, ಯಾರಾದರೂ ಒಂದು ತನ್ನಿ.